ವಿಷಯ ಸಿಕ್ಕಿತು, ಪ್ರಶ್ನೆ ಎಲ್ಲಿ? ಪಿಎಚ್.ಡಿ. ಸಂಶೋಧನೆಯ ಯೋಜನೆ ಮತ್ತು ಮಾರ್ಗದರ್ಶನ

ಪಿಎಚ್.ಡಿ. ಸಂಶೋಧನೆಯನ್ನು ಹೇಗೆ ಯೋಜಿಸಬೇಕು, ಮಾರ್ಗದರ್ಶಕರ ಜೊತೆಗೂಡಿ ಅದನ್ನು ಹೇಗೆ ನಡೆಸಬೇಕು ಎಂಬುದು ಈ ದತ್ತಿ ಉಪನ್ಯಾಸದ ವಿಷಯ. ಇದನ್ನು ಬರಿಯ ತತ್ವವಾಗಿ ಹೇಳುವುದಕ್ಕಿಂತ ನಮ್ಮ ಮಾಗಡಿ ತಾಲ್ಲೂಕಿನ ಕಲ್ಯವನ್ನೇ ಉದಾಹರಣೆಯಾಗಿ ಮುಂದಿಟ್ಟುಕೊಳ್ಳುವುದು ಒಳ್ಳೆಯದು. 1368ರಲ್ಲಿ, ಅಂದರೆ ಶಕವರ್ಷ 1290ರ ಕೀಲಕ ಸಂವತ್ಸರದಲ್ಲಿ, ವಿಜಯನಗರದ ಒಂದನೆಯ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ಎದ್ದಿದ್ದ ವ್ಯಾಜ್ಯವನ್ನು ತೀರ್ಮಾನಿಸಿದ. ಆ ತೀರ್ಮಾನದ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಕಲ್ಯದಲ್ಲಿದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಕಲ್ಯದ ಪ್ರತಿ ಮಾಗಡಿ 18 ಎಂಬ ಸಂಖ್ಯೆಯಲ್ಲಿ ಅಚ್ಚಾಗಿದೆ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಮೊದಲಿನಂತೆಯೇ ಸಲ್ಲಬೇಕು, ಎರಡು ದರ್ಶನಗಳಲ್ಲಿ ಭೇದ ಎಣಿಸಬಾರದು, ಜೈನರು ಮನೆಗೊಂದು ಹಣ ಕೂಡಿಸಿ ಕೊಡಬೇಕು, ಆ ಹಣದಲ್ಲಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು, ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು ಎಂಬಷ್ಟು ವಿವರ ಈ ತೀರ್ಮಾನದಲ್ಲಿದೆ. ಅರಸನ ಬಳಿಗೆ ಬಿನ್ನಹ ಒಯ್ದವನು ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಎರಡೂ ಕಡೆಯವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಆ ಕಲ್ಲೆಹವೇ ಇಂದಿನ ಕಲ್ಯ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಇಂಥ ಊರೊಂದನ್ನು ಕೈಗೆತ್ತಿಕೊಂಡ ಸಂಶೋಧನಾರ್ಥಿ ಮತ್ತು ಅವರ ಮಾರ್ಗದರ್ಶಕರು ಮೊದಲ ದಿನ ಎದುರುಬದುರು ಕುಳಿತಾಗ ಏನು ನಡೆಯಬೇಕು? ನಮ್ಮಲ್ಲಿ ಬಹುಮಟ್ಟಿಗೆ ನಡೆಯುವುದು ವಿಷಯದ ಹಂಚಿಕೆ. ‘ಕಲ್ಯ: ಒಂದು ಸಾಂಸ್ಕೃತಿಕ ಅಧ್ಯಯನ’ ಎಂದು ಶೀರ್ಷಿಕೆ ಬರೆದುಕೊಂಡರೆ ಸಿನಾಪ್ಸಿಸ್ ಅರ್ಧ ಮುಗಿದಂತೆ. ಭೌಗೋಳಿಕ ಹಿನ್ನೆಲೆ, ರಾಜಕೀಯ ಇತಿಹಾಸ, ಶಾಸನಗಳು, ದೇವಾಲಯಗಳು, ಜಾತ್ರೆ ಮತ್ತು ಜಾನಪದ, ಉಪಸಂಹಾರ ಎಂದು ಅಧ್ಯಾಯಗಳು ತಾವಾಗಿಯೇ ಸಾಲುಗಟ್ಟುತ್ತವೆ. ಈ ಮಾದರಿಯಲ್ಲಿ ದುಡಿದವರ ಶ್ರಮವನ್ನು ಹೀಗಳೆಯುವುದು ಸಲ್ಲದು. ಎಷ್ಟೋ ಊರುಗಳ ಬಗ್ಗೆ ನಮಗೆ ಅಷ್ಟಾದರೂ ಗೊತ್ತಿರುವುದು ಅವರಿಂದಲೇ. ಆದರೆ ಇಂಥ ಪ್ರಬಂಧಕ್ಕೆ ಉತ್ತರಿಸಲು ಒಂದು ಪ್ರಶ್ನೆಯೇ ಇರುವುದಿಲ್ಲ. ಪ್ರಶ್ನೆಯಿಲ್ಲದ ಮೇಲೆ ಯಾವ ಸಾಮಗ್ರಿ ಬೇಕು, ಯಾವುದು ಬೇಡ ಎಂದು ತೀರ್ಮಾನಿಸಲು ಅಳತೆಗೋಲು ಸಿಗುವುದಿಲ್ಲ. ಆದ್ದರಿಂದ ಕಂಡದ್ದೆಲ್ಲ ಒಳಗೆ ಬರುತ್ತದೆ, ಕೆಲಸ ಮುಗಿಯಿತೋ ಇಲ್ಲವೋ ಎಂಬುದು ಪುಟಗಳ ಎಣಿಕೆಯಿಂದ ಗೊತ್ತಾಗುತ್ತದೆ. ಮಾರ್ಗದರ್ಶಕರಿಗೂ ಹೇಳುವುದಕ್ಕೆ ಹೆಚ್ಚೇನೂ ಉಳಿಯದು. ಕಾಗುಣಿತ ತಿದ್ದಬಹುದು, ಇನ್ನೆರಡು ಗ್ರಂಥ ಸೂಚಿಸಬಹುದು, ಬೇಗ ಮುಗಿಸಿ ಎನ್ನಬಹುದು. ನನ್ನ ವಾದ ಇಷ್ಟು: ಮಹಾಪ್ರಬಂಧದ ಏಳುಬೀಳು ನಿರ್ಧಾರವಾಗುವುದು ಮೊದಲ ವರ್ಷದಲ್ಲಿ, ವಿಷಯವನ್ನು ಪ್ರಶ್ನೆಯಾಗಿ ಇಳಿಸುವ ಕೆಲಸದಲ್ಲಿ. ಅದು ಸಂಶೋಧನಾರ್ಥಿ ಮತ್ತು ಮಾರ್ಗದರ್ಶಕರು ಕೂಡಿ, ಬರಹದಲ್ಲಿ, ಮತ್ತೆ ಮತ್ತೆ ಮಾಡಬೇಕಾದ ಕೆಲಸ. ವೇಳಾಪಟ್ಟಿ, ಕ್ಷೇತ್ರಕಾರ್ಯ, ಅಧ್ಯಾಯ ವಿಭಜನೆಗಳೆಲ್ಲ ಇದರಿಂದ ಹುಟ್ಟಬೇಕು.

ಕಲ್ಯವನ್ನೇ ಹಿಡಿದು ನೋಡೋಣ. ಈ ತೀರ್ಮಾನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಶಾಸನವಾಗಿ ನಿಲ್ಲಿಸಬೇಕೆಂದು ಶಾಸನವೇ ವಿಧಿಸುತ್ತದೆ. ಹಾಗಿದ್ದರೆ ಈ ಆಜ್ಞೆ ಎಷ್ಟರಮಟ್ಟಿಗೆ ಜಾರಿಯಾಯಿತು? ಇದು ಒಂದು ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಎಲ್ಲಿಗೆ ಹೋಗಬೇಕೆಂಬುದೂ ಪ್ರಶ್ನೆಯೊಳಗೇ ಇದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಎಂದು ಜೈನರ ನೆಲೆಗಳ ಹೆಸರುಗಳನ್ನು ಶಾಸನ ಹೇಳುತ್ತದೆ. ಆ ನೆಲೆಗಳ ಹದಿನಾಲ್ಕು ಮತ್ತು ಹದಿನೈದನೆಯ ಶತಮಾನದ ಶಾಸನಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಮನೆಗೊಂದು ಹಣ ಎಂಬ ವಂತಿಗೆಯ ಸುಳಿವು ಬೇರೆಲ್ಲಾದರೂ ಇದೆಯೇ ಎಂದು ನೋಡಬೇಕು. ಸಿಗದಿದ್ದರೆ, ಸಿಗದಿರುವುದಕ್ಕೆ ಕಲ್ಲು ಹಾಳಾದದ್ದು ಕಾರಣವೋ, ಆಜ್ಞೆ ಕಾಗದದಲ್ಲೇ ಉಳಿದದ್ದು ಕಾರಣವೋ ಎಂದು ವಾದಿಸಬೇಕು. ಎರಡನೆಯ ಪ್ರಶ್ನೆ ಬುಸುವಿಸೆಟ್ಟಿಯದು. ಅರಸನ ಮುಂದೆ ಜೈನರ ಪರವಾಗಿ ನಿಂತು ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯನನ್ನು ಕರೆತರುವಷ್ಟು ಪ್ರಭಾವ ಕಲ್ಯದ ಒಬ್ಬ ಸೆಟ್ಟಿಗೆ ಹೇಗೆ ಬಂತು? ಇದು ವ್ಯಾಪಾರದ ಹಾದಿಗಳ, ಸೆಟ್ಟಿ ಸಂಘಗಳ ಅಧ್ಯಯನಕ್ಕೆ ಒಯ್ಯುತ್ತದೆ. ಮೂರನೆಯದು ಇನ್ನೂ ಕಠಿಣವಾದದ್ದು. ಜೈನರ ಇಷ್ಟು ದೊಡ್ಡ ನೆಲೆಯಾಗಿದ್ದ ಊರು ವೀರಶೈವ ಪರಂಪರೆಯಲ್ಲಿ ಪಾಲ್ಕುರಿಕೆ ಸೋಮನಾಥನ ಸಮಾಧಿಯ ಊರಾಗಿ, ಸರ್ವಶೀಲೆ ಚೆನ್ನಮ್ಮನ ಊರಾಗಿ ನೆನಪಿನಲ್ಲಿ ಉಳಿದದ್ದು ಹೇಗೆ? ಒಂದು ಊರಿನ ಧಾರ್ಮಿಕ ನೆನಪು ಬದಲಾಗುವ ಬಗೆಯನ್ನು ಶಾಸನ, ಪುರಾಣ, ಪಾಳುಬಿದ್ದ ಕಟ್ಟಡ, ಇಂದಿನ ಜನರ ಮಾತು ಈ ನಾಲ್ಕನ್ನೂ ಎದುರಿಗಿಟ್ಟುಕೊಂಡು ಬಿಡಿಸಬೇಕಾಗುತ್ತದೆ. ಈ ಮೂರೂ ಪ್ರಶ್ನೆಗಳಿಗೆ ಬೇಕಾದ ಸಿದ್ಧತೆ ಬೇರೆ ಬೇರೆ. ಮೊದಲನೆಯದಕ್ಕೆ ಶಾಸನ ಓದುವ ಪರಿಣತಿ ಸಾಕಾಗಬಹುದು. ಮೂರನೆಯದಕ್ಕೆ ಸೋಮನಾಥನ ತೆಲುಗು ಕೃತಿಗಳನ್ನು ಮೂಲದಲ್ಲಿ ಓದುವಷ್ಟು ತೆಲುಗು ಬೇಕು, ಪುರಾಣವನ್ನು ಇತಿಹಾಸದ ಆಕರವಾಗಿ ಬಳಸುವಾಗಿನ ಎಚ್ಚರ ಬೇಕು, ಕ್ಷೇತ್ರಕಾರ್ಯದ ತರಬೇತಿ ಬೇಕು. ಮೂರೂ ಒಂದೇ ಪ್ರಬಂಧದಲ್ಲಿ ಹಿಡಿಸುವುದಿಲ್ಲ. ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದರಲ್ಲೇ ಮಾರ್ಗದರ್ಶನದ ಬಹುಪಾಲು ಇದೆ.

ಮಾರ್ಗದರ್ಶಕರು ಎಲ್ಲಿ ಕೈಹಿಡಿಯಬೇಕು, ಎಲ್ಲಿ ತಡೆಯಬೇಕು ಎಂಬುದಕ್ಕೂ ಈ ಊರಿನಲ್ಲೇ ಒಂದು ನಿದರ್ಶನವಿದೆ. ಭೀಮಕವಿಯ ಕನ್ನಡ ಬಸವಪುರಾಣದ ಕಾಲ 1369. ಅದಕ್ಕೆ ಮೂಲ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ. ಬುಕ್ಕರಾಯನ ತೀರ್ಮಾನ 1368ರದು. ಜೈನ ಮತ್ತು ಶ್ರೀವೈಷ್ಣವರ ವ್ಯಾಜ್ಯ ತೀರಿದ ಮರುವರ್ಷವೇ ಬಸವಪುರಾಣ ಕನ್ನಡಕ್ಕೆ ಬಂತು, ಅದರ ಮೂಲಕವಿಯ ಸಮಾಧಿ ವ್ಯಾಜ್ಯಕ್ಕೆ ಸಂಬಂಧಿಸಿದ ಊರಿನಲ್ಲೇ ಇದೆ ಎಂದು ಜೋಡಿಸಿ ನೋಡಿದಾಗ ಯಾವ ಉತ್ಸಾಹಿ ಸಂಶೋಧನಾರ್ಥಿಗೂ ಮೈ ಜುಮ್ಮೆನ್ನುತ್ತದೆ. ಇಲ್ಲಿ ಮಾರ್ಗದರ್ಶಕರು ಕೇಳಬೇಕಾದ ಮಾತು ಒಂದೇ: ಎರಡು ವರ್ಷಗಳು ಹತ್ತಿರ ಇವೆ ಎಂಬುದನ್ನು ಬಿಟ್ಟರೆ ಈ ನಂಟಿಗೆ ಬೇರೆ ಯಾವ ಆಧಾರ ಇದೆ? ಸೋಮನಾಥನ ಕಾಲದ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಮಾಧಿಯ ವಿಚಾರ ಪರಂಪರೆಯ ಮಾತು. ಅದು ಶಾಸನದ ಮಾತಲ್ಲ. ಶಾಸನದಲ್ಲಿ ವೀರಶೈವರು ವ್ಯಾಜ್ಯದ ಒಂದು ಪಕ್ಷವೂ ಅಲ್ಲ. ಹೀಗೆ ತಡೆದು ನಿಲ್ಲಿಸಿದ ಮೇಲೂ ಆ ಊಹೆಯನ್ನು ಕಸದ ಬುಟ್ಟಿಗೆ ಎಸೆಯಬೇಕಾಗಿಲ್ಲ. ಅದನ್ನು ಊಹೆ ಎಂದೇ ಬರೆದಿಟ್ಟು, ಯಾವ ಆಧಾರ ಸಿಕ್ಕರೆ ಅದು ನಿಲ್ಲುತ್ತದೆ, ಯಾವುದು ಸಿಕ್ಕರೆ ಬೀಳುತ್ತದೆ ಎಂದು ಪಕ್ಕದಲ್ಲಿ ಗುರುತು ಹಾಕಿಟ್ಟರೆ ಎರಡು ವರ್ಷದ ನಂತರ ಅದೇ ಒಂದು ಅಧ್ಯಾಯವಾಗಬಹುದು, ಅಥವಾ ಒಂದು ಅಡಿಟಿಪ್ಪಣಿಯಾಗಿ ಮುಗಿಯಬಹುದು. ಪ್ರಬಂಧದ ಮೊದಲ ಓದುಗರಾಗಿ, ಸುಲಭಕ್ಕೆ ಒಪ್ಪದ ಓದುಗರಾಗಿ ಮಾರ್ಗದರ್ಶಕರು ಇರಬೇಕು. ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಯನ್ನು ಅವರು ಮೂರು ವರ್ಷ ಮೊದಲೇ ಕೇಳಬೇಕು.

ಇದಕ್ಕೆ ಒಂದು ಬಲವಾದ ಆಕ್ಷೇಪ ಬರಬಹುದು. ಕನ್ನಡದ ಅತ್ಯುತ್ತಮ ಮಹಾಪ್ರಬಂಧಗಳಲ್ಲಿ ಒಂದಾದ ಎಂ. ಚಿದಾನಂದಮೂರ್ತಿಯವರ ಕೃತಿಯ ಹೆಸರೇ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಹಾಗಿರುವಾಗ ಸಮೀಕ್ಷೆಯ ಸ್ವರೂಪದ ಪ್ರಬಂಧವನ್ನು ಕೀಳಾಗಿ ಕಾಣುವುದೇಕೆ? ಆಕ್ಷೇಪ ನ್ಯಾಯವಾದದ್ದೇ. ಉತ್ತರ ಆ ಕೃತಿಯ ಒಳಗೇ ಇದೆ. ಅದರ ಹೆಸರಿಗೆ ಅಂಟಿಕೊಂಡು ಕ್ರಿ.ಶ. 450ರಿಂದ 1150 ಎಂಬ ಕಾಲಮಿತಿಯಿದೆ. ಹಲ್ಮಿಡಿ ಶಾಸನದ ಕಾಲದಿಂದ ಹನ್ನೆರಡನೆಯ ಶತಮಾನದ ನಡುವಿನವರೆಗೆ ಏಳುನೂರು ವರ್ಷ. ಆ ಗೆರೆಯ ಆಚೆಗಿನ ವಿಜಯನಗರದ ಸಮೃದ್ಧ ಶಾಸನರಾಶಿಯನ್ನು ಅವರು ಬಿಟ್ಟುಕೊಟ್ಟರು. ಎರಡನೆಯದಾಗಿ ಆಕರದ ಜಾತಿ ಒಂದೇ, ಶಾಸನ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದುವರೆಗೆ ಶಾಸನಗಳನ್ನು ಹೆಚ್ಚಾಗಿ ಅರಸರ ವಂಶಾವಳಿಗೂ ಕಾಲನಿರ್ಣಯಕ್ಕೂ ಓದುತ್ತಿದ್ದರು. ವೀರಗಲ್ಲು, ಮಾಸ್ತಿಗಲ್ಲು, ದಾನಶಾಸನಗಳಿಂದ ಜನಜೀವನವನ್ನು ಕಟ್ಟಿಕೊಡಲು ಸಾಧ್ಯವೇ ಎಂಬುದು ಚಿದಾನಂದಮೂರ್ತಿಯವರು ಕೇಳಿದ ಪ್ರಶ್ನೆ. ಎಲ್ಲರ ಕೈಯಲ್ಲಿದ್ದ ಆಕರಕ್ಕೆ ಹಾಕಿದ ಹೊಸ ಪ್ರಶ್ನೆ ಅದು. 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪ್ರಕಟವಾದ ಆ ಗ್ರಂಥವನ್ನು ಇಂದಿಗೂ ಕನ್ನಡದ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳುವುದು ಈ ಕಾರಣಕ್ಕೆ. ಅವರ ಮಾರ್ಗದರ್ಶಕರಾಗಿದ್ದ ತೀ.ನಂ. ಶ್ರೀಕಂಠಯ್ಯನವರು ಕಾವ್ಯಮೀಮಾಂಸೆ ಮತ್ತು ಭಾಷಾವಿಜ್ಞಾನಗಳಲ್ಲಿ ದೊಡ್ಡ ಹೆಸರು. ಶಾಸನಶಾಸ್ತ್ರ ಅವರ ಮುಖ್ಯ ಕ್ಷೇತ್ರವಾಗಿರಲಿಲ್ಲ. ಮಾರ್ಗದರ್ಶಕರಿಗೆ ವಿಷಯದ ಪ್ರತಿ ವಿವರವೂ ಮೊದಲೇ ಗೊತ್ತಿರಬೇಕೆಂಬ ನಂಬಿಕೆಯನ್ನು ಇದು ಪ್ರಶ್ನಿಸುತ್ತದೆ. ವಾದ ಹೇಗೆ ನಿಲ್ಲುತ್ತದೆ, ಪ್ರಮಾಣ ಎಂದರೇನು ಎಂಬುದು ಅವರಿಗೆ ಗೊತ್ತಿದ್ದರೆ ಆಯಿತು. ಎಂ.ಎಂ. ಕಲಬುರ್ಗಿಯವರ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ದಲ್ಲಿ ಒಂದು ಗ್ರಂಥ ಕೇಂದ್ರದಲ್ಲಿದೆ, ಅದರ ಸುತ್ತ ಒಂದು ವೃತ್ತವಿದೆ. ಜೀ.ಶಂ. ಪರಮಶಿವಯ್ಯನವರ ಜನಪದ ಕಾವ್ಯಪ್ರಕಾರಗಳ ಅಧ್ಯಯನಕ್ಕೆ ದಕ್ಷಿಣ ಕರ್ನಾಟಕವೆಂಬ ಗಡಿಯಿದೆ. ದೊಡ್ಡ ಕೃತಿಗಳೆಲ್ಲ ದೊಡ್ಡ ವಿಷಯದಿಂದ ಹುಟ್ಟಿಲ್ಲ, ಬಿಗಿಯಾದ ಎಲ್ಲೆಯಿಂದ ಹುಟ್ಟಿವೆ.

ಮಾರ್ಗದರ್ಶನವೆಂದರೆ ಪ್ರಶ್ನೆಯನ್ನು ಬದಲಿಸಿಕೊಡುವುದು ಎಂಬುದಕ್ಕೆ ಮೈಸೂರಿನ ಎಂ.ಎನ್. ಶ್ರೀನಿವಾಸರ ಬದುಕಿಗಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಕಷ್ಟ. ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಕೈಕೆಳಗೆ ಅವರು ಕೊಡವರ ಬಗ್ಗೆ ಬೃಹತ್ತಾದ ಪ್ರಬಂಧ ಬರೆದು 1944ರಲ್ಲಿ ಪಿಎಚ್.ಡಿ. ಪಡೆದರು. ಅದು ವಿವರಗಳ ಭಂಡಾರ. ಆಮೇಲೆ ಆಕ್ಸ್‌ಫರ್ಡಿಗೆ ಹೋದಾಗ ರ್‍ಯಾಡ್‌ಕ್ಲಿಫ್ ಬ್ರೌನ್ ಅವರು ಹೊಸ ಕ್ಷೇತ್ರಕ್ಕೆ ಹೊರಡಿ ಎನ್ನಲಿಲ್ಲ. ಕೈಯಲ್ಲಿದ್ದ ಕೊಡವರ ಸಾಮಗ್ರಿಯನ್ನೇ ಮತ್ತೊಂದು ಪ್ರಶ್ನೆಯಿಂದ ನೋಡಲು ಹಚ್ಚಿದರು: ಈ ಆಚರಣೆಗಳು ಸಮಾಜವನ್ನು ಹಿಡಿದು ನಿಲ್ಲಿಸುವುದರಲ್ಲಿ ಯಾವ ಕೆಲಸ ಮಾಡುತ್ತವೆ? 1946ರಲ್ಲಿ ರ್‍ಯಾಡ್‌ಕ್ಲಿಫ್ ಬ್ರೌನ್ ನಿವೃತ್ತರಾದ ಮೇಲೆ ಇವಾನ್ಸ್ ಪ್ರಿಚರ್ಡ್ ಮಾರ್ಗದರ್ಶಕರಾದರು, 1947ರಲ್ಲಿ ಡಿ.ಫಿಲ್. ಬಂತು, 1952ರಲ್ಲಿ ಪುಸ್ತಕ ಪ್ರಕಟವಾಯಿತು. ಸಂಸ್ಕೃತೀಕರಣ ಎಂದು ಇಂದು ಎಲ್ಲರೂ ಬಳಸುವ ಪರಿಕಲ್ಪನೆ ನೆಲೆಗೊಂಡದ್ದು ಆ ಪುಸ್ತಕದಲ್ಲಿ. ಸಾಮಗ್ರಿ ಅದೇ, ಜನ ಅವರೇ, ಬರೆದವರೂ ಒಬ್ಬರೇ. ಪ್ರಶ್ನೆ ಬದಲಾದದ್ದರಿಂದ ಜಗತ್ತಿನ ಸಮಾಜಶಾಸ್ತ್ರಕ್ಕೆ ಹೊಸದೊಂದು ದಕ್ಕಿತು. ಘುರ್ಯೆಯವರು ಮಾಡಿದ ಕೆಲಸ ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ಆ ಭಂಡಾರ ಇಲ್ಲದಿದ್ದರೆ ಎರಡನೆಯ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ. ಆದರೆ ನಮ್ಮ ಸಂಶೋಧನಾರ್ಥಿಗಳಲ್ಲಿ ಹೆಚ್ಚಿನವರಿಗೆ ಎರಡನೆಯ ಆಕ್ಸ್‌ಫರ್ಡ್ ಸಿಗುವುದಿಲ್ಲ. ಸಂಗ್ರಹ ಮತ್ತು ಪ್ರಶ್ನೆ ಎರಡೂ ಒಂದೇ ಪದವಿಯೊಳಗೆ, ಒಬ್ಬರೇ ಮಾರ್ಗದರ್ಶಕರ ಜೊತೆ ಆಗಬೇಕು.

ಕಾಲದ ಲೆಕ್ಕಕ್ಕೆ ಬರೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಗಳ ಪ್ರಕಾರ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು, ಮಹಿಳೆಯರಿಗೂ ಅಂಗವಿಕಲರಿಗೂ ಅದರ ಮೇಲೆ ಮತ್ತೆರಡು ವರ್ಷದ ರಿಯಾಯಿತಿಯಿದೆ. ಪ್ರತಿ ಸೆಮಿಸ್ಟರಿನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಸಂಶೋಧನಾರ್ಥಿ ತನ್ನ ಪ್ರಗತಿಯನ್ನು ಮಂಡಿಸಬೇಕು, ವರದಿ ಸಲ್ಲಿಸಬೇಕು. ಈ ವರದಿಯನ್ನು ಕಚೇರಿಯ ಕಾಗದವೆಂದು ಭಾವಿಸಿ ‘ಗ್ರಂಥಾಲಯ ಕೆಲಸ ನಡೆಯುತ್ತಿದೆ’ ಎಂದು ಎರಡು ಸಾಲು ಬರೆದು ಸಹಿ ಹಾಕಿಸುವುದು ಬಹಳ ಕಡೆ ರೂಢಿ. ನಿಯಮ ತಾನಾಗಿಯೇ ಕೊಟ್ಟ ಒಂದು ಒಳ್ಳೆಯ ಸಾಧನವನ್ನು ನಾವು ಹೀಗೆ ಕಳೆದುಕೊಳ್ಳುತ್ತೇವೆ. ಪ್ರತಿ ವರದಿಯ ಮೊದಲ ಪುಟದಲ್ಲಿ ಪ್ರಶ್ನೆ ಈಗ ಹೇಗಿದೆ, ಕಳೆದ ಸೆಮಿಸ್ಟರಿನಲ್ಲಿ ಹೇಗಿತ್ತು, ಯಾವ ಆಧಾರದಿಂದ ಬದಲಾಯಿತು ಎಂದು ಬರೆದರೆ ಆರು ವರದಿಗಳಲ್ಲಿ ಪ್ರಬಂಧದ ಪೀಠಿಕೆ ಸಿದ್ಧವಾಗಿರುತ್ತದೆ. ಯೋಜನೆಯನ್ನು ಪಂಚಾಂಗದ ತಿಂಗಳುಗಳಿಗಿಂತ ಅಧ್ಯಯನದ ವಸ್ತುವಿನ ಚಲನೆಗೆ ಹೊಂದಿಸುವುದೂ ಮುಖ್ಯ. ರಾಮನಗರದ ರೇಷ್ಮೆ ಬೆಳೆಗಾರರ ಆದಾಯದ ಏರಿಳಿತವನ್ನು ಅಧ್ಯಯನ ಮಾಡುವವರು ಬೇಸಿಗೆಯ ರಜೆಯಲ್ಲಿ ಒಮ್ಮೆ ಪ್ರಶ್ನಾವಳಿ ಹಿಡಿದು ಹಳ್ಳಿ ಸುತ್ತಿ ಬಂದರೆ ಸಾಲದು. ಹುಳು ಸಾಕಣೆಯ ಒಂದು ಬೆಳೆ ಸುಮಾರು ನಾಲ್ಕು ವಾರದ್ದು. ಮೇ ತಿಂಗಳ ಬಿಸಿಲಿನ ಬೆಳೆಗೂ ಮಳೆಗಾಲದ ಬೆಳೆಗೂ ಚಳಿಗಾಲದ ಬೆಳೆಗೂ ಸೊಪ್ಪು, ರೋಗ, ಗೂಡಿನ ಗುಣ ಎಲ್ಲವೂ ಬೇರೆ. ಮಾರುಕಟ್ಟೆಯ ಹರಾಜಿನಲ್ಲಿ ನೂಲು ಬಿಚ್ಚಾಣಿಕೆದಾರರು ಕೊಡುವ ದರವೂ ಅದರಂತೆಯೇ ಏರಿಳಿಯುತ್ತದೆ. ಕನಿಷ್ಠ ಒಂದು ಪೂರ್ತಿ ವರ್ಷದ ಬೆಳೆಗಳನ್ನು ಅದೇ ಮನೆಗಳಲ್ಲಿ ನೋಡಬೇಕು ಎಂದಾದರೆ ಕ್ಷೇತ್ರಕಾರ್ಯ ಮೊದಲ ವರ್ಷದ ಕೊನೆಗೇ ಶುರುವಾಗಬೇಕು, ಪ್ರಶ್ನೆ ಅದಕ್ಕೂ ಮೊದಲೇ ಖಚಿತವಾಗಬೇಕು. ಚನ್ನಪಟ್ಟಣದ ಗೊಂಬೆಗಳ ವಿಚಾರವೂ ಹೀಗೆಯೇ. ಹಾಲೆಮರ, ಅರಗಿನ ಬಣ್ಣ, ಭೌಗೋಳಿಕ ಸೂಚಿಕೆಯ ಮಾನ್ಯತೆ ಇವನ್ನೆಲ್ಲ ಬರೆದು ಮುಗಿಸಿದ ಪ್ರಬಂಧ ಪರಿಚಯ ಪುಸ್ತಿಕೆಯ ಮಟ್ಟದಲ್ಲಿ ನಿಲ್ಲುತ್ತದೆ. ಕೈಚಾಲಿತ ಪಟ್ಟಡೆಯಿಂದ ವಿದ್ಯುತ್ ಯಂತ್ರಕ್ಕೆ ಬಂದಾಗ ಮನೆಯ ಹೆಣ್ಣುಮಕ್ಕಳ ಕೆಲಸಕ್ಕೂ ಕೂಲಿಗೂ ಏನಾಯಿತು ಎಂದು ಕೇಳಿದರೆ ಸಂಶೋಧನೆ ಆರಂಭವಾಗುತ್ತದೆ.

ಬರವಣಿಗೆಯನ್ನು ಕೊನೆಯ ವರ್ಷಕ್ಕೆ ಮುಂದೂಡುವುದು ಇನ್ನೊಂದು ರೂಢಿ. ಸಾಮಗ್ರಿ ಎಲ್ಲ ಸಿಗಲಿ, ಆಮೇಲೆ ಬರೆಯೋಣ ಎನ್ನುವವರಿಗೆ ಏನು ಸಿಕ್ಕಿಲ್ಲ ಎಂಬುದು ಬರೆಯತೊಡಗಿದ ಮೇಲೆಯೇ ಗೊತ್ತಾಗುತ್ತದೆ, ಅಷ್ಟರಲ್ಲಿ ಕ್ಷೇತ್ರಕ್ಕೆ ಮರಳಲು ಸಮಯ ಇರುವುದಿಲ್ಲ. ಮಾರ್ಗದರ್ಶಕರನ್ನು ಭೇಟಿಯಾಗುವಾಗ ಕೈಯಲ್ಲಿ ನಾಲ್ಕು ಪುಟವಾದರೂ ಬರಹ ಇರಬೇಕು. ಬರಹವಿಲ್ಲದ ಭೇಟಿ ಕುಶಲೋಪರಿಯಲ್ಲಿ ಮುಗಿದುಹೋಗುತ್ತದೆ. ಭೇಟಿ ಮುಗಿದ ದಿನವೇ ಏನು ತೀರ್ಮಾನವಾಯಿತು ಎಂದು ಸಂಶೋಧನಾರ್ಥಿ ಬರೆದು ಮಾರ್ಗದರ್ಶಕರಿಗೆ ಕಳುಹಿಸಿದರೆ ‘ನಾನು ಹಾಗೆ ಹೇಳಲೇ ಇಲ್ಲ’ ಎಂಬ ಮಾತಿಗೆ ಎರಡೂ ಕಡೆ ಅವಕಾಶ ಇರುವುದಿಲ್ಲ. ಟಿಪ್ಪಣಿಗಳನ್ನು ಕಾಪಾಡುವುದರಲ್ಲಿ ಶ್ರೀನಿವಾಸರ ಬದುಕಿನದೇ ಮತ್ತೊಂದು ಪಾಠವಿದೆ. ಮೈಸೂರಿನ ಸಮೀಪದ ರಾಮಪುರ ಎಂದು ಅವರು ಕರೆದ ಹಳ್ಳಿಯ ಬಗ್ಗೆ ಹದಿನೆಂಟು ವರ್ಷ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನ ಅವರ ಕೋಣೆಯಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂದು ಮೇರುಕೃತಿಯಾಯಿತು, ನಿಜ. ಆ ನೆನಪಿನ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಪ್ರತಿಗಳು ಎಷ್ಟೇ ಇರಲಿ, ಬೇರೆ ಬೇರೆ ಕಡೆ ಇರಬೇಕು.

ಮೊದಲೇ ಪ್ರಶ್ನೆ ಕಟ್ಟಿಕೊಂಡು ಹೋದರೆ ಕ್ಷೇತ್ರ ಹೇಳುವುದು ಕೇಳಿಸುವುದಿಲ್ಲ ಎಂಬ ಆಕ್ಷೇಪವನ್ನು ಜಾನಪದ ಕ್ಷೇತ್ರದವರು ಎತ್ತುತ್ತಾರೆ. ವಕ್ತೃವಿನ ಮುಂದೆ ಕುಳಿತಾಗ ನಾವು ಕೇಳಲು ಹೋದದ್ದಕ್ಕಿಂತ ಅವರು ಹಾಡಿದ್ದು, ಹೇಳಿದ್ದು ದೊಡ್ಡದಾಗಿರುತ್ತದೆ ಎಂಬುದು ಅವರ ಅನುಭವ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಂಥ ಸಂಸ್ಥೆ ಹುಟ್ಟಿದ್ದೂ ಮೊದಲು ಕೂಡಿಡೋಣ, ಆಮೇಲೆ ಅರ್ಥ ಹುಡುಕೋಣ ಎಂಬ ತುರ್ತಿನಿಂದ. ಹಾಡುವವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದ ಕಾಲಕ್ಕೆ ಆ ತುರ್ತು ಸರಿಯಾದದ್ದೇ. ಆದರೆ ಸಂಗ್ರಹಾಲಯದ ಕರ್ತವ್ಯ ಬೇರೆ, ಮಹಾಪ್ರಬಂಧದ ಕರ್ತವ್ಯ ಬೇರೆ. ಜೊತೆಗೆ, ಪ್ರಶ್ನೆ ಹಿಡಿದು ಹೋದವರಿಗೆ ಮಾತ್ರ ಅನಿರೀಕ್ಷಿತವಾದದ್ದು ಅನಿರೀಕ್ಷಿತವೆಂದು ಕಾಣುತ್ತದೆ. ಕಲ್ಯದ ನೆನಪು ಹೇಗೆ ಬದಲಾಯಿತು ಎಂದು ಕೇಳುತ್ತಾ ಹೋದವರು ಊರಿನ ಹಿರಿಯರ ಬಾಯಲ್ಲಿ ಜೈನರ ಕಾಲದ ಒಂದು ಮಾತು ಬಂದರೆ ಥಟ್ಟನೆ ಕಿವಿಗೊಡುತ್ತಾರೆ, ಅದು ಪಠ್ಯಪುಸ್ತಕದಿಂದ ಬಂದದ್ದೋ, ಸಂಶೋಧಕರಿಂದಲೇ ಕೇಳಿ ಕಲಿತದ್ದೋ, ಹಿಂದಿನಿಂದ ಹರಿದು ಬಂದದ್ದೋ ಎಂದು ವಿಚಾರಿಸುತ್ತಾರೆ. ಪ್ರಶ್ನೆಯಿಲ್ಲದವರಿಗೆ ಅದು ಅಂದಿನ ಟಿಪ್ಪಣಿಯ ಹತ್ತು ಸಂಗತಿಗಳಲ್ಲಿ ಒಂದು. ಇಲ್ಲಿ ಇನ್ನೊಂದು ಮಾತೂ ಹೇಳಬೇಕು. ವಕ್ತೃಗಳಿಗೆ ನಾವು ಯಾರು, ಅವರ ಮಾತನ್ನು ಎಲ್ಲಿ ಬಳಸುತ್ತೇವೆ ಎಂದು ತಿಳಿಸಿ ಒಪ್ಪಿಗೆ ಪಡೆಯುವುದನ್ನು ಯೋಜನೆಯ ಭಾಗವಾಗಿ ಮಾರ್ಗದರ್ಶಕರೇ ಕಲಿಸಬೇಕು. ಕೊನೆಯ ಅಧ್ಯಾಯದ ಕೃತಜ್ಞತೆಯ ಸಾಲು ಆ ಋಣವನ್ನು ತೀರಿಸುವುದಿಲ್ಲ.

ಮಾರ್ಗದರ್ಶಕರಿಗೆ ಇಷ್ಟೆಲ್ಲ ಮಾಡಲು ಪುರಸೊತ್ತು ಎಲ್ಲಿದೆ ಎಂಬ ಮಾತು ಬೋಧಕರಿಂದ ಬರುತ್ತದೆ. ತರಗತಿ, ಮೌಲ್ಯಮಾಪನ, ನ್ಯಾಕ್ ಕಡತಗಳ ನಡುವೆ ಅವರು ಹೈರಾಣಾಗಿರುವುದು ಸತ್ಯ. ನಿಯಮ ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ಎಂದು ಸಂಶೋಧನಾರ್ಥಿಗಳ ಮಿತಿ ಹಾಕಿದೆ. ಎಂಟು ಮಂದಿಗೆ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಎಂದರೂ ವಾರಕ್ಕೆ ನಾಲ್ಕು ಗಂಟೆ; ಬರಹ ಓದಲು ಇನ್ನಷ್ಟು. ಈ ಹೊತ್ತನ್ನು ಬೋಧನೆಯ ಹೊರೆಯಲ್ಲಿ ಲೆಕ್ಕ ಹಿಡಿಯದ ವಿಶ್ವವಿದ್ಯಾಲಯ ಮಾರ್ಗದರ್ಶನವನ್ನು ಕೆಲಸವೆಂದೇ ಪರಿಗಣಿಸಿಲ್ಲ ಎಂದಾಯಿತು. ಇದು ಆಡಳಿತ ಸರಿಪಡಿಸಬೇಕಾದ ತಪ್ಪು. ಆದರೆ ಬಿಡುವಿಲ್ಲದ ಮಾರ್ಗದರ್ಶಕರಿಗೆ ನಿಜವಾಗಿ ಉಳಿತಾಯ ಕೊಡುವುದೂ ಮೊದಲ ವರ್ಷದ ಪ್ರಶ್ನೆಯೇ. ಪ್ರಶ್ನೆ ಖಚಿತವಾಗಿದ್ದರೆ ಅರ್ಧ ಗಂಟೆಯ ಭೇಟಿಯೂ ಫಲ ಕೊಡುತ್ತದೆ; ಇಲ್ಲದಿದ್ದರೆ ಐದನೆಯ ವರ್ಷದಲ್ಲಿ ನಾನೂರು ಪುಟಗಳನ್ನು ತಿದ್ದುವ ಶಿಕ್ಷೆ ಕಾದಿರುತ್ತದೆ. ಮಾರ್ಗದರ್ಶಕರ ಮುಂದೆ ಭಿನ್ನಾಭಿಪ್ರಾಯ ಹೇಳಲು ನಮ್ಮ ಹುಡುಗ ಹುಡುಗಿಯರಿಗೆ ಬಾಯೇ ಬರುವುದಿಲ್ಲ ಎಂಬುದೂ ಇದಕ್ಕೆ ತಳುಕು ಹಾಕಿಕೊಂಡಿದೆ. ‘ಸರ್ ಹೇಳಿದರು’ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಬರಹದಲ್ಲಿಟ್ಟ ಪ್ರಶ್ನೆ ಇಲ್ಲಿ ಇಬ್ಬರನ್ನೂ ಕಾಯುತ್ತದೆ. ಸಂಶೋಧನಾರ್ಥಿ ಮಾರ್ಗದರ್ಶಕರ ಮಾತಿಗೆ ಎದುರಾಡಬೇಕಾಗಿಲ್ಲ, ಆಧಾರವನ್ನು ಪ್ರಶ್ನೆಯ ಪಕ್ಕದಲ್ಲಿಟ್ಟು ತೋರಿಸಿದರೆ ಸಾಕು. ಮಾರ್ಗದರ್ಶಕರೂ ತಮ್ಮ ಹಳೆಯ ನಿಲುವನ್ನು ಬಿಡಲು ಸಂಕೋಚ ಪಡಬೇಕಾಗಿಲ್ಲ. ಪಕ್ಷಪಾತ, ಕಿರುಕುಳ, ಸ್ವಂತ ಕೆಲಸಕ್ಕೆ ವಿದ್ಯಾರ್ಥಿಗಳನ್ನು ದುಡಿಸಿಕೊಳ್ಳುವುದು ಇವಕ್ಕೆ ಮಾತ್ರ ಯಾವ ಯೋಜನೆಯೂ ಮದ್ದಲ್ಲ. ಅಲ್ಲಿ ಸಲಹಾ ಸಮಿತಿ ಗಟ್ಟಿಯಾಗಿ ನಿಲ್ಲಬೇಕು, ಮಾರ್ಗದರ್ಶಕರನ್ನು ಬದಲಿಸಿಕೊಡುವುದು ಅವಮಾನವಲ್ಲ ಎಂದು ವಿಭಾಗಗಳು ಒಪ್ಪಬೇಕು.

ಈಗಾಗಲೇ ಆಗಿರುವ ಕೆಲಸವನ್ನು ನೋಡುವುದು ಮೊದಲ ತಿಂಗಳ ಕೆಲಸ. ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಉಚಿತವಾಗಿ ಓದಲು ಸಿಗುತ್ತವೆ. ಆದರೆ ಕನ್ನಡ ಪ್ರಬಂಧಗಳ ವಿಷಯದಲ್ಲಿ ಒಂದು ತೊಡಕಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದದ್ದು, ಚಿತ್ರವಾಗಿ ಸ್ಕ್ಯಾನ್ ಆದದ್ದು ಯೂನಿಕೋಡ್ ಪಠ್ಯವಲ್ಲವಾದ್ದರಿಂದ ಒಳಗಿನ ಪದ ಹಾಕಿ ಹುಡುಕಿದರೆ ಸಿಗುವುದಿಲ್ಲ. ಶೀರ್ಷಿಕೆ ನೋಡಿ ಒಂದೊಂದನ್ನೇ ತೆರೆದು ಓದಬೇಕು. ಕೃತಿಚೌರ್ಯ ಪತ್ತೆಯ ತಂತ್ರಾಂಶವೂ ಇಂಥ ಕಡತಗಳ ಮುಂದೆ ಕುರುಡು. ಧನಸಹಾಯ ಆಯೋಗದ 2018ರ ನಿಯಮ ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡ ಹಾಕುವುದಿಲ್ಲ ಎಂದಿರುವುದರಿಂದ ಯಂತ್ರ ಕೊಟ್ಟ ಪ್ರಮಾಣಪತ್ರವೇ ಪ್ರಾಮಾಣಿಕತೆಯ ಸಾಕ್ಷಿ ಎಂದು ನಂಬುವ ಅಪಾಯ ನಮ್ಮಲ್ಲಿ ಹೆಚ್ಚು. ಹಳೆಯ ಪ್ರಬಂಧದ ಅಧ್ಯಾಯವೊಂದು ಹೊಸ ಹೆಸರಿನಲ್ಲಿ ಬಂದರೆ ಅದನ್ನು ಹಿಡಿಯಬಲ್ಲವರು ಓದಿಕೊಂಡ ಮಾರ್ಗದರ್ಶಕರು ಮಾತ್ರ. ಮತ್ತೊಬ್ಬರ ಪ್ರಶ್ನೆಯನ್ನು ಕದಿಯುವುದು ಕಷ್ಟ, ಮತ್ತೊಬ್ಬರ ವಿವರಣೆಯನ್ನು ಕದಿಯುವುದು ಸುಲಭ. ಪ್ರಶ್ನೆಯಿಂದ ನಡೆಯುವ ಪ್ರಬಂಧದಲ್ಲಿ ನಕಲಿಗೆ ಜಾಗವೇ ಕಡಿಮೆ.

ಕೊನೆಯದಾಗಿ, ನಮ್ಮ ಭಾಗದ ಸಂಶೋಧನಾರ್ಥಿಗಳ ಬಗ್ಗೆ. ಮಾಗಡಿ, ಕನಕಪುರ, ಚನ್ನಪಟ್ಟಣಗಳಿಂದ ಪಿಎಚ್.ಡಿ.ಗೆ ಸೇರುವವರಲ್ಲಿ ಹಲವರು ಮನೆಯಲ್ಲಿ ಮೊದಲ ಪದವೀಧರರು, ಪ್ರೌಢಶಾಲೆಯಲ್ಲೋ ಪಿಯು ಕಾಲೇಜಿನಲ್ಲೋ ಪಾಠ ಮಾಡುತ್ತ ಅರೆಕಾಲಿಕವಾಗಿ ಸಂಶೋಧನೆ ಮಾಡುವವರು. 2022ರ ನಿಯಮ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿದೆ. ಇಂಥವರಿಗೆ ಪ್ರಶ್ನೆ, ಪ್ರಮಾಣ, ಪೂರ್ವಸಾಹಿತ್ಯ ಎಂದು ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಮಾತಲ್ಲವೇ ಎಂದು ಕೇಳಬಹುದು. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಊರಿನಲ್ಲಿ ವಿಶ್ವವಿದ್ಯಾಲಯದ ಗಾಳಿಯಿಲ್ಲದವರಿಗೆ, ವಾರಕ್ಕೆ ಏಳೆಂಟು ಗಂಟೆ ಮಾತ್ರ ಸಿಗುವವರಿಗೆ ಬಿಗಿಯಾದ ಪ್ರಶ್ನೆಯ ಅಗತ್ಯ ಇನ್ನೂ ಹೆಚ್ಚು. ವಿಶಾಲವಾದ ವಿಷಯದಲ್ಲಿ ಅಲೆದಾಡಿ ಕೊನೆಗೆ ದಾರಿ ಹಿಡಿಯುವ ಐಷಾರಾಮ ಅವರಿಗಿಲ್ಲ. ಅವರಿಗಿರುವ ಒಂದು ಬಲವನ್ನು ಮಾತ್ರ ಬೇರೆ ಯಾರೂ ಕೊಡಲಾರರು: ಕಲ್ಯದ ಕಲ್ಲು, ರಾಮನಗರದ ಗೂಡಿನ ಮಾರುಕಟ್ಟೆ, ಚನ್ನಪಟ್ಟಣದ ಗೊಂಬೆಯ ಮನೆಗಳು ಅವರ ನಿತ್ಯದ ದಾರಿಯಲ್ಲಿವೆ. ಮಾಗಡಿ 18ನ್ನು ಅಚ್ಚಾದ ಪಾಠದ ಜೊತೆ ಸಾಲು ಸಾಲಾಗಿ ಹೋಲಿಸಿ, ಶ್ರವಣಬೆಳಗೊಳದ ಪ್ರತಿಯ ಜೊತೆ ಇಟ್ಟು, ಯಾವ ಅಕ್ಷರ ಈಗ ಓದಲು ಬರುತ್ತದೆ, ಯಾವುದು ಅಳಿಸಿದೆ ಎಂದು ದಾಖಲಿಸುವ ಕೆಲಸವನ್ನು ಬೆಂಗಳೂರಿನಿಂದ ಒಂದು ದಿನಕ್ಕೆ ಬಂದು ಹೋಗುವವರಿಗಿಂತ ಮಾಗಡಿಯ ಒಬ್ಬ ಶಿಕ್ಷಕಿ ಚೆನ್ನಾಗಿ ಮಾಡಬಲ್ಲರು. ಅವರಿಗೆ ಬೇಕಾದದ್ದು ತಮ್ಮಂತೆಯೇ ದುಡಿಯುತ್ತಿರುವ ನಾಲ್ಕು ಜನರ ಒಂದು ಕೂಟ. ಈ ತಾಲ್ಲೂಕುಗಳ ಕನ್ನಡ ಸಾಹಿತ್ಯ ಪರಿಷತ್ತಿನ ಘಟಕಗಳೂ ಪದವಿ ಕಾಲೇಜುಗಳೂ ಸೇರಿ ತಿಂಗಳಿಗೊಂದು ಭಾನುವಾರ ಇಂಥ ಕೂಟಕ್ಕೆ ಒಂದು ಕೋಣೆ ಕೊಡಬಹುದು. ಅಲ್ಲಿ ಒಬ್ಬರು ತಮ್ಮ ಪ್ರಶ್ನೆಯ ಒಂದು ಪುಟವನ್ನು ಓದಬೇಕು, ಉಳಿದವರು ಆಧಾರ ಕೇಳಬೇಕು, ನಿವೃತ್ತ ಪ್ರಾಧ್ಯಾಪಕರೊಬ್ಬರು ಕುಳಿತು ಕೇಳಬೇಕು. ಸನ್ಮಾನ, ಹಾರ, ವೇದಿಕೆ ಯಾವುದೂ ಬೇಡ. ಮುಂದಿನ ದತ್ತಿ ಉಪನ್ಯಾಸಕ್ಕೆ ಮೊದಲು ಇಂಥ ಎರಡು ಮೂರು ಭಾನುವಾರಗಳು ನಡೆಯಬೇಕೆಂದು ಇಲ್ಲಿರುವ ಪದಾಧಿಕಾರಿಗಳನ್ನೂ ಪ್ರಾಂಶುಪಾಲರನ್ನೂ ಕೇಳಿಕೊಳ್ಳುತ್ತೇನೆ.